ಸಣ್ಣತ್ತಿಯ ಪಾಲಿನ ಕೌದಿ

ಆಲಮಟ್ಟಿ ಜಲಾಶಯ ಪೂರ್ತಿ ತುಂಬಿದರೆ ನೀರಿನ ಮಟ್ಟ 519.60 ಮೀಟರ್. ಬಾಗಲಕೋಟೆಯವರಿಗೆ ಇಂಥ ಅಂಕಿಗಳು ಬಾಯಿಪಾಠ. 1964ರ ಮೇ 22ಕ್ಕೆ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು, 2010ರಲ್ಲಿ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಎತ್ತರವನ್ನು 524.256 ಮೀಟರಿಗೆ ಏರಿಸಲು ಒಪ್ಪಿದ್ದು, ಎಲ್ಲವನ್ನೂ ಚಹಾದಂಗಡಿಯಲ್ಲಿ ಕುಂತವರು ದಶಾಂಶ ಬಿಡದೆ ಹೇಳುತ್ತಾರೆ. ನಮ್ಮ ಹಳೇ ಮನೆಯ ಸಿಟಿ ಸರ್ವೆ ನಂಬರು, ಚಕ್ಕಬಂದಿ, ಬಂದ ಪರಿಹಾರದ ಮೊತ್ತ ಅಪ್ಪನಿಗೂ ದೊಡ್ಡಪ್ಪನಿಗೂ ಇವತ್ತಿಗೂ ನಾಲಿಗೆಯ ತುದಿಯಲ್ಲಿವೆ. ಆ ಮನೆಯಲ್ಲಿ ಯಾರು ಎಲ್ಲಿ ಮಲಗುತ್ತಿದ್ದರು ಅಂತ ಕೇಳಿದರೆ ಇಬ್ಬರೂ ತಡವರಿಸುತ್ತಾರೆ.

ಮನೆ ಇದ್ದ ಜಾಗ ಈಗ ಆಲಮಟ್ಟಿ ಅಣೆಕಟ್ಟಿನಿಂದಾಗಿ ಘಟಪ್ರಭೆಯಲ್ಲಿ ನಿಂತ ಹಿನ್ನೀರಿನೊಳಗೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಅಡಿಪಾಯದ ಕಲ್ಲು ಕಾಣುತ್ತವೆ, ಯಾವ ಕಲ್ಲು ಯಾರ ಮನೆಯದು ಅನ್ನುವುದು ಮಾತ್ರ ಹೇಳಲಿಕ್ಕಾಗುವುದಿಲ್ಲ. ನಾವೆಲ್ಲ ಮುಳುಗಡೆಯಾದವರಿಗಾಗಿ ಕಟ್ಟಿದ ನವನಗರಕ್ಕೆ ಬಂದು ಎರಡು ದಶಕ ದಾಟಿದೆ. ನವನಗರದ ನಕ್ಷೆ ಮಾಡಿದ್ದು ಚಾರ್ಲ್ಸ್ ಕೊರಿಯಾ, ದೇಶದ ದೊಡ್ಡ ವಾಸ್ತುಶಿಲ್ಪಿ. ಅಗಲ ರಸ್ತೆ, ಗಿಡ, ಗಾಳಿ ಎಲ್ಲ ಇದೆ. ವಿಳಾಸ ಮಾತ್ರ ಸೆಕ್ಟರ್ ನಂಬರಿನಲ್ಲಿ ಹೇಳಬೇಕು. ಹೋಳಿ ಬಂತೆಂದರೆ ಹಲಗಿ ಸಪ್ಪಳ ಕೇಳಲಿಕ್ಕೆ ಎಲ್ಲರೂ ಹಳೇ ಊರಿಗೇ ಓಡುತ್ತೇವೆ. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಅನ್ನುವಾಗ ದೊಡ್ಡಪ್ಪನ ದನಿಯೇ ಬೇರೆ. ಸೆಕ್ಟರ್ ನಂಬರ್ ಹೇಳುವಾಗ ಆ ದನಿ ಬರುವುದಿಲ್ಲ.

ನಾನು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್. ಗದಗಿನಲ್ಲಿ ಚಿತ್ರಕಲೆ ಕಲಿತವಳು. ಮಿಶ್ರ ಮಾಧ್ಯಮ ಅಂದರೆ ಕಲಿಯುವಾಗ ನಮಗೆ ಕ್ಯಾನ್ವಾಸಿನ ಮೇಲೆ ಒಂದಿಷ್ಟು ಗೋಣಿತಟ್ಟು, ಒಂದಿಷ್ಟು ಮರಳು ಅಂಟಿಸುವುದು, ಮೇಲೆ ಬಣ್ಣ ಬಳಿಯುವುದು ಅಷ್ಟೇ ಆಗಿತ್ತು. ಎಲ್ಲಿಯ ಗೋಣಿ, ಯಾರ ಮರಳು ಅಂತ ಯಾರೂ ಕೇಳುತ್ತಿರಲಿಲ್ಲ. ಹೋದ ವರ್ಷ ಮುಳುಗಿದ ಮನೆಯ ಮೇಲೆ ಒಂದು ಕೆಲಸ ಮಾಡಬೇಕು ಅನ್ನಿಸಿದಾಗ ಆ ಪ್ರಶ್ನೆಯಿಂದಲೇ ಶುರು ಮಾಡಿದೆ. ಮನೆಯವರ ಕೈ ದಾಟಿ ಬರದ ವಸ್ತು ಒಂದೂ ಬೇಡ ಅಂತ ಮೊದಲೇ ನಿಶ್ಚಯಿಸಿದ್ದೆ.

ನನ್ನ ತಲೆಯಲ್ಲಿ ಕಲಾವಿದೆ ಜರೀನಾ ಹಾಶ್ಮಿ ಇದ್ದರು. 1937ರಲ್ಲಿ ಅಲಿಗಢದಲ್ಲಿ ಹುಟ್ಟಿ, ಊರೂರು ತಿರುಗಿ, ದೂರದೇಶದಲ್ಲಿ ಕೂತು ಬಿಟ್ಟುಬಂದ ಮನೆಗಳ ನೆಲನಕ್ಷೆಗಳನ್ನು ಮರದ ಅಚ್ಚಿನಲ್ಲಿ ಕೆತ್ತಿದವರು. ಪಾಕಿಸ್ತಾನದಲ್ಲಿದ್ದ ಅಕ್ಕ ಉರ್ದುವಿನಲ್ಲಿ ಬರೆದ ಪತ್ರಗಳ ಮೇಲೆ ಮನೆಯ ನಕ್ಷೆ ಅಚ್ಚುಹಾಕಿದ್ದಾರೆ. ಒಂದು ಕಪ್ಪು ಗೆರೆ ಎಳೆದು ಗೋಡೆ ಅನ್ನಿಸುವ ಆ ಬಿಗಿ ನನಗೆ ಇಷ್ಟ. ನಮ್ಮ ಮನೆಯಲ್ಲಿ ಪತ್ರ ಬರೆಯುವವರು ಯಾರೂ ಇರಲಿಲ್ಲ. ಇದ್ದ ಕಾಗದ ಅಂದರೆ ಆಸ್ತಿಯ ಉತಾರ, ನೋಟಿಸು, ಪರಿಹಾರದ ಲೆಕ್ಕ. ಇನ್ನೊಂದು ಇತ್ತು, ಅದು ಆಮೇಲೆ.

ಮೊದಲು ನಕ್ಷೆ. ಅಪ್ಪ, ದೊಡ್ಡಪ್ಪ, ಅವರ ಒಡಹುಟ್ಟಿದ ಇಬ್ಬರು ಅತ್ತಿಯರು, ನಾಲ್ವರಿಗೂ ಬೇರೆಬೇರೆ ಕೂಡ್ರಿಸಿ, ಒಬ್ಬರದು ಒಬ್ಬರಿಗೆ ತೋರಿಸದೆ, ಹಳೇ ಮನೆ ಬರೆದುಕೊಡಿ ಅಂತ ಡ್ರಾಯಿಂಗ್ ಹಾಳೆ ಕೊಟ್ಟೆ. ದೊಡ್ಡಪ್ಪ ಸ್ಕೇಲ್ ಕೇಳಿ ತಗೊಂಡರು. ಅಡಿ ಹಾಕಿ ಬರೆದರು: ಪೂರ್ವ-ಪಶ್ಚಿಮ 26, ಉತ್ತರ-ದಕ್ಷಿಣ 44. ಕಟ್ಟಿ, ತಲಬಾಗಿಲು, ಲೆಕ್ಕಪತ್ರದ ಖೋಲಿ, ಪಡಸಾಲಿ ಎಲ್ಲ ಅಚ್ಚುಕಟ್ಟು. ಅಡಿಗಿಮನಿಗೆ ಬಂದಾಗ ಒಂದು ಚೌಕ ಎಳೆದು ಒಳಗೆ ಏನೂ ಹಾಕದೆ ಬಿಟ್ಟರು. ಅಪ್ಪನ ಹಾಳೆಯ ತುಂಬ ಮಾಳಿಗಿ: ಏರುವ ನಿಚ್ಚಣಿಕೆ, ಬೆಳಕಿಂಡಿ, ಗಾಳಿಪಟ ಹಾರಿಸುತ್ತಿದ್ದ ಮೂಲೆ. ಜಮಖಂಡಿಯಿಂದ ಬಸ್ ಹಿಡಿದು ಬಂದ ದೊಡ್ಡತ್ತಿ ಹಿತ್ತಲಿನಿಂದ ಶುರು ಮಾಡಿದಳು. ತುಳಸಿಕಟ್ಟಿ, ನೀರೊಲಿ, ಬಚ್ಚಲ, ಒರಳು, ಒಲಿ, ದೇವರ ಜಗಲಿ, ಅಲ್ಲಿಗೆ ಹಾಳೆ ಮುಗಿಯಿತು. ಮುಂದಿನ ಖೋಲಿ ಎಲ್ಲಿ ಅಂದರೆ, "ಅಲ್ಲಿ ಗಂಡಸರು ಕುಂಡರತಿದ್ರು ಯವ್ವಾ, ನಾವ್ಯಾಕ ಹೋಗಬೇಕು ಅಲ್ಲಿ?" ಅಂದಳು. ಮೂರು ಹಾಳೆ ಜೋಡಿಸಿದರೆ ಒಂದು ಮನೆ ಆಗಬೇಕಿತ್ತು. ಆಗಲಿಲ್ಲ. ಬಚ್ಚಲಿನ ಬಾಗಿಲಿನ ಬಗ್ಗೆ ಶುರುವಾದ ವಾದ ಊಟದವರೆಗೂ ನಡೆಯಿತು.

ಸಣ್ಣತ್ತಿ ಪೆನ್ಸಿಲ್ ಮುಟ್ಟಲಿಲ್ಲ. "ಇದರಾಗ ನನಗ ತಿಳಿಯೂದಿಲ್ಲ. ರಂಗೋಲಿ ಡಬ್ಬಿ ತಾ" ಅಂದಳು.

ನಮ್ಮ ಮನೆಯ ಪಕ್ಕಕ್ಕೆ ಒಂದು ಖಾಲಿ ನಿವೇಶನವಿದೆ. ಮಾಲಕರು ಪುಣೆಯಲ್ಲಿ. ಸಂಜೆ ಹೊತ್ತು, ಕಸ ಬಳಿದು, ನೀರು ಹೊಡೆದು, ಸಣ್ಣತ್ತಿ ಅಲ್ಲಿ ಇದ್ದ ಅಳತೆಯಲ್ಲೇ ಮನೆ ಬರೆಯತೊಡಗಿದಳು. ಹೆಜ್ಜೆ ಹಾಕುವುದು, ನಿಲ್ಲುವುದು, ಹಿಂದೆ ತಿರುಗಿ ನೋಡುವುದು, ಬಗ್ಗಿ ಗೆರೆ ಎಳೆಯುವುದು. ಹೊಸ್ತಿಲಿಗೆ ಬಂದಾಗ ಬಲಗಾಲು ಎತ್ತಿ ದಾಟಿದಳು. ದೇವರ ಖೋಲಿಯ ಬಾಗಿಲಿಗೆ ಬಂದಾಗ ಆ ಬಯಲಿನಲ್ಲಿ, ಮೇಲೆ ಏನೂ ಇಲ್ಲದಲ್ಲಿ, ತಲೆ ಬಗ್ಗಿಸಿ ಒಳಗೆ ಹೋದಳು. ಆ ಬಾಗಿಲು ಗಿಡ್ಡ ಇತ್ತು ಅಂತ ಮೂರು ಹಾಳೆ ನೋಡಿದ ನನಗೆ ಗೊತ್ತೇ ಇರಲಿಲ್ಲ. ನಾನು ಟೇಪು ಹಿಡಿದು ಹಿಂದಿಂದೆ ಅಳೆದು ಬರೆದುಕೊಂಡೆ. ದೊಡ್ಡಪ್ಪನ ಅಳತೆಗೂ ಆಕೆಯ ಹೆಜ್ಜೆಗೂ ಹೊರಗೋಡೆಯಲ್ಲಿ ಒಂದಡಿ ಸಹ ವ್ಯತ್ಯಾಸ ಬರಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು, ಯಾರ ಮದಿವಿ ರೀ ಅಂತ ಕೇಳಿದರು.

ಎಲ್ಲ ಮುಗಿದ ಮೇಲೆ ಪಡಸಾಲಿಯ ಒಂದು ಮೂಲೆಯಲ್ಲಿ, ಕಾಳು ತುಂಬುವ ಹಗೇವಿನ ಬಾಯಿಗಲ್ಲಿಗೂ ಅಡಿಗಿಮನಿಯ ಹೊಸ್ತಿಲಿಗೂ ನಡುವೆ, ಇನ್ನೊಂದು ಉದ್ದನೆಯ ಚೌಕ ಹಾಕಿದಳು.

"ಇದೇನತ್ತಿ?"

"ನನ್ನ ಹಾಸಿಗಿ. ಮಂದಿ ಏಳೂಕಿಂತ ಮೊದಲ ಸುತ್ತಿ ಇಡಬೇಕು, ಇಲ್ಲಂದ್ರ ಅಡ್ಯಾಡಾಕ ದಾರಿ ಇರತಿದ್ದಿಲ್ಲ."

ಅಳೆದೆ. ಮೂರೂವರೆ ಅಡಿ ಅಗಲ, ಆರು ಅಡಿ ಉದ್ದ.

ಸಣ್ಣತ್ತಿಯನ್ನು ಬೀಳಗಿ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ಕೆಲವು ವರ್ಷಕ್ಕೆ ತಿರುಗಿ ಬಂದಳು. ಕಾರಣ ಆಕೆ ಯಾರ ಮುಂದೂ ಹೇಳಿಲ್ಲ, ಊಹಿಸಿ ಬರೆಯುವ ಹಕ್ಕು ನನಗಿಲ್ಲ. ಮನೆ ಬಿಡುವ ದಿನದವರೆಗೂ ಆಕೆ ಆ ಮೂರೂವರೆ ಅಡಿಯಲ್ಲೇ ಇದ್ದಳು. ನವನಗರಕ್ಕೆ ಬಂದಾಗ ದೊಡ್ಡಪ್ಪನದೊಂದು ಮನೆ, ನಮ್ಮದೊಂದು ಮನೆ ಆಯಿತು. ಅತ್ತಿ ಕೆಲವು ದಿನ ಅಲ್ಲಿ, ಕೆಲವು ದಿನ ಇಲ್ಲಿ ಇದ್ದು, ಕೊನೆಗೆ ಒಂದು ಖೋಲಿ ಬಾಡಿಗೆ ಹಿಡಿದಳು. ಹಳೇ ಬಟ್ಟೆ ಪದರಪದರ ಕೂಡಿಸಿ ಕೌದಿ ಹೊಲಿದು ಬಾಡಿಗೆ ಕಟ್ಟುತ್ತಾಳೆ. ನಮ್ಮ ಎರಡೂ ಮನೆಗಳಲ್ಲಿ ಹೊದೆಯುವ ಕೌದಿಗಳು ಆಕೆಯ ಕೈಯವೇ.

ಆ ಇನ್ನೊಂದು ಕಾಗದದ ಮಾತಿಗೆ ಬರುತ್ತೇನೆ. ಹಕ್ಕುಬಿಟ್ಟ ಪತ್ರ. ನಾಲ್ಕು ಪುಟ, ಛಾಪಾ ಕಾಗದ. ಮನೆ ಮುತ್ಯಾ, ಅಂದರೆ ಅಜ್ಜ, ಸ್ವಂತ ದುಡಿದು ಕಟ್ಟಿದ್ದು. ಅವರು ಮೃತ್ಯುಪತ್ರ ಬರೆಯದೆ ತೀರಿಕೊಂಡಿದ್ದರಿಂದ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೂ ಸಮಪಾಲು ಇತ್ತು. ಪರಿಹಾರ ಗಂಡುಮಕ್ಕಳ ಹೆಸರಿಗೆ ಸಲೀಸಾಗಿ ಬರಬೇಕಾದರೆ ಅಕ್ಕತಂಗಿಯರು ತಮ್ಮ ಪಾಲು ಬಿಟ್ಟೆವು ಅಂತ ಬರೆದುಕೊಡಬೇಕು. ಬರೆದುಕೊಟ್ಟರು. ದೊಡ್ಡತ್ತಿಯದು ಹೆಬ್ಬೆಟ್ಟು, ಸಣ್ಣತ್ತಿಯದು ಸಹಿ. ಉತ್ತರ ಕರ್ನಾಟಕದಲ್ಲಿ ಇದೇನು ಹೊಸ ಕಥೆಯಲ್ಲ. ಎಷ್ಟೋ ಮನೆಗಳ ಟ್ರಂಕಿನಲ್ಲಿ ಇಂಥದೊಂದು ಕಾಗದ ಇದ್ದೇ ಇರುತ್ತದೆ. ನನ್ನ ತಮ್ಮನಿಗೂ ಒಂದು ದಿನ ನನ್ನ ಸಹಿ ಬೇಕಾಗಬಹುದು, ಅದನ್ನೂ ಯೋಚಿಸಿದ್ದೇನೆ.

ಆದರೆ ಪತ್ರ ಓದುತ್ತ ನನ್ನನ್ನು ತಡೆದದ್ದು ಇನ್ನೊಂದು. ಅದೇ ಕಾಯ್ದೆಯಲ್ಲಿ ಆಗ 23ನೇ ಕಲಂ ಇತ್ತು. ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳುವಂತಿಲ್ಲ. ಆದರೆ ಮದುವೆಯಾಗದ, ವಿಧವೆಯಾದ, ಗಂಡ ಬಿಟ್ಟ ಇಲ್ಲವೇ ಗಂಡನಿಂದ ಬೇರೆಯಾದ ಮಗಳಿಗೆ ಅಲ್ಲಿ ವಾಸ ಮಾಡುವ ಹಕ್ಕಿದೆ ಅಂತ. 2005ರ ತಿದ್ದುಪಡಿಯಲ್ಲಿ ಆ ಕಲಮನ್ನೇ ತೆಗೆದರು, ಪಾಲು ಕೇಳುವ ಅಡ್ಡಿ ಹೋಯಿತು. ಅಂದರೆ ಸಣ್ಣತ್ತಿಗೆ ಆ ಮೂರೂವರೆ ಅಡಿಯ ಮೇಲೆ ಕಾನೂನಿನ ಹಕ್ಕು ಇತ್ತು. ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ಹೊತ್ತಿಗೆ ಮನೆಯೇ ಇರಲಿಲ್ಲ. ಇದನ್ನು ಆಕೆಗೆ ಹೇಳಿದಾಗ, "ನೀರಾಗ ಹೋಗಿ ಮಲಕೋಬೇಕೇನು?" ಅಂದು ನಕ್ಕಳು.

ಗೋಡೆಗೆ ತೂಗುಹಾಕುವ ದೊಡ್ಡ ನಕ್ಷೆ ಮಾಡುವ ವಿಚಾರ ಅಲ್ಲಿಗೆ ಕೈಬಿಟ್ಟೆ. ಮಾಡಿದರೆ ಕೌದಿ, ಅದೂ ಮೂರೂವರೆಗೆ ಆರರದು, ಸಣ್ಣತ್ತಿಯ ಹಾಸಿಗೆಯ ಅಳತೆಯದು. ಒಂದು ಅಡಿಗೆ ಒಂದೂವರೆ ಇಂಚಿನ ಲೆಕ್ಕ ಹಿಡಿದರೆ ಇಡೀ ಮನೆ 39 ಇಂಚಿಗೆ 66 ಇಂಚು, ಕೌದಿಯ ಮೇಲೆ ಕೂಡ್ರುತ್ತದೆ, ಸುತ್ತ ಅಂಚಿಗೂ ಸ್ವಲ್ಪ ಉಳಿಯುತ್ತದೆ. ಆಕೆ ಆ ಮನೆಯ ಒಂದು ಮೂಲೆಯಲ್ಲಿ ಮಲಗಿದ್ದಳು. ಈಗ ಆಕೆಯ ಮೂಲೆಯ ಮೇಲೆ ಮನೆ.

ಹೊಲಿಗೆ ನನಗೆ ಬರುವುದಿಲ್ಲ, ಅಂದರೆ ಕೌದಿ ಹೊಲಿಯುವಷ್ಟು ಬರುವುದಿಲ್ಲ. ಹಾಗಾಗಿ ಕೆಲಸ ಹಂಚಿಕೊಂಡೆವು: ಗೆರೆ ನನ್ನದು, ಸೂಜಿ ಅತ್ತಿಯದು. ಕೂಲಿ ಎಷ್ಟು ಅಂತ ಮೊದಲೇ ಮಾತಾಡಿಕೊಂಡೆವು. ಆಕೆಯೇ ಎತ್ತಿದ ಮಾತು ಅದು. "ಮನಿ ಕೆಲಸ ಅಂದ್ರ ಪುಕಟ ಅನ್ನಬ್ಯಾಡ ಮತ್ತ."

ಗೋಡೆಯ ಕಪ್ಪು ಗೆರೆಗೆ ಬಣ್ಣ ಹುಡುಕಿದ್ದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಖುಷಿ ಕೊಟ್ಟ ಭಾಗ. ಹಳೇ ಮನೆ ಕೆಡವುವಾಗ ಅಪ್ಪ ತಲಬಾಗಿಲಿನ ಚಿಲಕ, ಕೊಂಡಿ, ಒಂದಿಷ್ಟು ಮೊಳೆ ಕಿತ್ತು ತಂದು ಡಬ್ಬಿಯಲ್ಲಿ ಹಾಕಿಟ್ಟಿದ್ದರು. ಎಲ್ಲ ತುಕ್ಕು. ಬಟ್ಟೆಯ ಮೇಲೆ ಕಡ್ಡಿಯಿಂದ ಚಿತ್ರ ಬರೆಯುವ ಕಲಂಕಾರಿಯವರು ಕಬ್ಬಿಣದ ಚೂರು, ಬೆಲ್ಲ, ನೀರು ಕೂಡಿಸಿ ಮಡಿಕೆಯಲ್ಲಿ ಕೊಳೆಸಿ ಕಪ್ಪು ಮಾಡುತ್ತಾರೆ. ಅದೇ ವಿಧಾನ ಹಿಡಿದೆ. ಮುಧೋಳದ ಬೆಲ್ಲ, ಮಣ್ಣಿನ ಗಡಿಗೆ, ಬಾಯಿಗೆ ಅರಿವೆ ಕಟ್ಟಿ ಹಿತ್ತಲಿನಲ್ಲಿಟ್ಟೆ. ಮೂರನೇ ವಾರದ ಹೊತ್ತಿಗೆ ನೊರೆ ಇಳಿದು ಹುಳಿ ವಾಸನೆ ಬಂತು. ಅವ್ವ ಗಡಿಗೆಯನ್ನು ಓಣಿಗೆ ಎಸೆಯುತ್ತೇನೆ ಅಂತ ನಿತ್ಯ ಬೈದಳು. ಸೋಸಿ ನೋಡಿದರೆ ನೀರಿಗೆ ಹೇಳಿಕೊಳ್ಳುವಂಥ ಬಣ್ಣವೇನೂ ಇಲ್ಲ, ತಿಳಿ ಕಂದು ಅಷ್ಟೇ. ಕಪ್ಪಾಗುವುದು ಬಟ್ಟೆಯ ಮೇಲೆ. ಬಟ್ಟೆಯನ್ನು ಮೊದಲು ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ ಒಣಗಿಸಿರಬೇಕು, ಅಳಲೆಯ ಒಗರು ಕಬ್ಬಿಣಕ್ಕೆ ಸಿಕ್ಕಾಗ ಕರಿ ಏಳುತ್ತದೆ. ಅಳಲೆ ನೀರಿಗೆ ಎಮ್ಮೆ ಹಾಲು ಬೆರೆಸಿದರೆ ಗೆರೆ ಒಡೆಯುವುದಿಲ್ಲ, ಹಾಲಿನ ಜಿಡ್ಡು ಬಣ್ಣವನ್ನು ಹರಡಗೊಡುವುದಿಲ್ಲ. ಮುತ್ಯಾನ ಒಂದು ಧೋತರ ಉಳಿದಿತ್ತು. ಅದನ್ನು ಹೀಗೆ ಹದ ಮಾಡಿ, ಬಿದಿರಿನ ಕಡ್ಡಿಗೆ ಅರಿವೆ ಸುತ್ತಿ, ಅದ್ದಿ, ಸ್ಕೇಲ್ ಹಿಡಿದು ಹೊರಗೋಡೆಯ ಗೆರೆ ಎಳೆದೆ. ಕಂದು ಗೆರೆ ಕಡ್ಡಿಯ ಹಿಂದೆ ನೋಡನೋಡುತ್ತ ಕಪ್ಪಾಗುತ್ತ ಬಂತು. ಅಪ್ಪ ಪಕ್ಕದಲ್ಲಿ ಕೂತು ನೋಡುತ್ತಿದ್ದರು. "ಇದು ಚಿಲಕದ್ದೇನು?" ಅಂತ ಎರಡು ಸಲ ಕೇಳಿದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಕಬ್ಬಿಣದ ಕಪ್ಪು ಹತ್ತಿಗೆ ಒಳ್ಳೆಯದಲ್ಲ. ವರ್ಷಗಳು ಕಳೆದಂತೆ ನೂಲನ್ನು ತಿನ್ನುತ್ತದೆ, ಹಳೆಯ ಅಚ್ಚಿನ ಬಟ್ಟೆಗಳಲ್ಲಿ ಕಪ್ಪು ಇದ್ದ ಕಡೆ ಮಾತ್ರ ತೂತು ಬಿದ್ದಿರುತ್ತವೆ. ತೊಳೆದು ಹುಳಿ ತೆಗೆದರೆ ತಡವಾಗುತ್ತದೆ, ನಿಲ್ಲುವುದಿಲ್ಲ. ಗೊತ್ತಿದ್ದೇ ಹಾಕಿದೆ.

ಖೋಲಿಗಳಿಗೆ ಬಟ್ಟೆ ಕೂಡಿಸುವುದು ಸಣ್ಣತ್ತಿಯ ಕೆಲಸ. ಯಾರ ಖೋಲಿಗೆ ಯಾರ ಬಟ್ಟೆ ಅಂತ ಆಕೆಯೇ ತೀರ್ಮಾನಿಸಿದಳು. ಅಡಿಗಿಮನಿಗೆ ಆಯಿಯ, ಅಂದರೆ ಅಜ್ಜಿಯ, ಚಂದ್ರಕಾಳಿ ಸೀರೆ; ಕರಿ ಒಡಲು, ಮಾಸಿ ಮಾಸಿ ಹೊಗೆಯ ಬಣ್ಣಕ್ಕೆ ಬಂದಿತ್ತು. ದೇವರ ಖೋಲಿಗೆ ಗುಳೇದಗುಡ್ಡ ಖಣ, ತೇರಿನ ಚಿತ್ರ ಇರುವುದು. ಪಡಸಾಲಿಗೆ ಮುತ್ಯಾ ತಲೆಗೆ ಸುತ್ತುತ್ತಿದ್ದ ಪಟಕಾ. ಮಾಳಿಗೆ ಕೌದಿಯಲ್ಲಿ ಎಲ್ಲಿ ಬರಬೇಕು ಅನ್ನುವುದು ತೊಡಕಾಯಿತು, ಅದು ಮನೆಯ ಮೇಲಿರುವಂಥದ್ದು. ಕೊನೆಗೆ ಅಪ್ಪನ ಹಳೇ ಅಂಗಿಯ ಒಂದು ತುಂಡನ್ನು ಒಂದೇ ಬದಿ ಹೊಲಿದು ಜೇಬಿನ ಮುಚ್ಚಳದ ಹಾಗೆ ಬಿಟ್ಟಳು, ಎತ್ತಿ ನೋಡಿದರೆ ಕೆಳಗೆ ಪಡಸಾಲಿ ಕಾಣುತ್ತದೆ. ನಾನು ಎಷ್ಟು ವರ್ಷ ಚಿತ್ರಕಲೆ ಕಲಿತರೂ ಇದು ಹೊಳೆಯುತ್ತಿರಲಿಲ್ಲ.

ಅಸ್ತರಿಗೆ ಹಳೇ ಸೀರೆ ಹಾಕುವುದು ರೂಢಿ. ಮೆತ್ತಗಿರುತ್ತದೆ, ಮೈಗೆ ಹತ್ತುತ್ತದೆ. ಅತ್ತಿ ತನ್ನ ಟ್ರಂಕಿನಿಂದ ಒಂದು ಇಳಕಲ್ಲ ಸೀರೆ ತೆಗೆದಳು. ಹೊಸದು. ಉಟ್ಟ ಸೀರೆಯಲ್ಲ. ಸಹಿ ಮಾಡಿದ ದಿನ ಅಣ್ಣಂದಿರು ಅರಿಷಿಣ-ಕುಂಕುಮದ ಜೊತೆ ಕೊಟ್ಟದ್ದು. ಮಡಿಕೆ ಬಿಚ್ಚಿದರೆ ಮಡಿಕೆಯ ಗೆರೆಗಳಲ್ಲೆಲ್ಲ ರೇಷ್ಮೆ ಸೀಳಿತ್ತು. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟರೆ ಹಾಗಾಗುತ್ತದೆ. ಕೆಂಪು ಸೆರಗು ಮಾತ್ರ ಗಟ್ಟಿಯಾಗಿತ್ತು. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸುನೂಲಿಗೆ ಸೆರಗಿನ ಹಾಸುನೂಲನ್ನು ಕೊಂಡಿ ಹಾಕಿ ಕೂಡಿಸಿರುತ್ತಾರೆ, ಒಂದೊಂದೇ ಎಳೆ. ಅಳತೆಗೆ ಕತ್ತರಿಸಲು ನಾನು ಆ ಜೋಡಣೆಯ ಹತ್ತಿರ ಕತ್ತರಿ ಒಯ್ದಾಗ ಅತ್ತಿ ಕೈ ಹಿಡಿದಳು. "ಸೆರಗಿಗೆ ಕತ್ತರಿ ಹಚ್ಚಬ್ಯಾಡ. ಒಡಲಿಗೆ ಹಚ್ಚು, ಹೆಂಗೂ ಸೀಳೇತಿ." ಸೆರಗು ಇಡಿಯಾಗಿ ತಲೆದಿಂಬಿನ ಕಡೆಗೆ ಬಂತು.

ಹಕ್ಕುಬಿಟ್ಟ ಪತ್ರವನ್ನು ಎಲ್ಲಿ ಇಡುವುದು? ಅದನ್ನು ಬಟ್ಟೆಯ ಮೇಲೆ ಅಚ್ಚು ತೆಗೆಸಿ ಕೌದಿಯ ನಡುವೆ, ಎಲ್ಲರ ಕಣ್ಣಿಗೆ ಬೀಳುವ ಹಾಗೆ ಹಚ್ಚಬೇಕು ಅನ್ನುವುದು ನನ್ನ ಆಸೆಯಾಗಿತ್ತು. ಹೆಬ್ಬೆಟ್ಟು, ಸಹಿ, ದೊಡ್ಡದಾಗಿ. ಪ್ರದರ್ಶನಕ್ಕೆ ಬಂದವರು ನಿಂತು ನೋಡುತ್ತಾರೆ, ಮಾತಾಡುತ್ತಾರೆ. ಅತ್ತಿ ಬೇಡ ಅಂದಳು. "ನನ್ನ ಸಹಿ ನೆಟ್ಟಗಿಲ್ಲ. ಮಂದಿ ಅದನ್ನs ನೋಡ್ತಾರ." ಇನ್ನೊಂದು ಕಾರಣ ಆಮೇಲೆ ಹೇಳಿದಳು: ದೊಡ್ಡತ್ತಿಗೆ ಹೆಬ್ಬೆಟ್ಟು ಒತ್ತಿದ್ದು ಇವತ್ತಿಗೂ ನಾಚಿಕೆ, ಮೊಮ್ಮಕ್ಕಳಿಗೆ ಗೊತ್ತಿಲ್ಲ. ಕಲಾವಿದರಿಗೆ ಮಂದಿಯ ನೋವು ಬಲು ಬೇಗ ಸಾಮಗ್ರಿಯಾಗಿಬಿಡುತ್ತದೆ. ಗೋಣಿ, ಮರಳಿನ ಜೊತೆ ಅದೂ ಒಂದು. ಕೌದಿಗೆ ಮೇಲ್ಪದರ, ಅಸ್ತರು, ನಡುವೆ ಹೊಟ್ಟೆ ಅಂತ ಇರುತ್ತದೆ. ಪತ್ರ ಹೊಟ್ಟೆಗೆ ಹೋಗಲಿ ಅಂತಾಯಿತು. ಬಟ್ಟೆಯ ಮೇಲೆ ತೆಗೆಸಿ ಹಾಕಲೇ, ಒಗೆದರೂ ಉಳಿಯುತ್ತದೆ ಅಂದೆ. "ಝೆರಾಕ್ಸs ಹಾಕು. ಒಗೆದಾಗ ಕರಗಿ ಹೋಗ್ಲಿ" ಅಂದಳು. ಝೆರಾಕ್ಸಿನ ಕರಿ ಪುಡಿ ಪ್ಲಾಸ್ಟಿಕ್ಕಿನದು, ಕಾಗದ ಕರಗಿದರೂ ಚೂರುಚೂರಾಗಿ ಉಳಿಯುತ್ತದೆ ಅಂತ ಹೇಳಿದೆ. "ಉಳೀಲಿ ತಗಿ. ಓದಾಕಂತೂ ಬರೂದಿಲ್ಲಲಾ."

ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತ ಒಳಗೆ ಬರುವುದು ಸಣ್ಣತ್ತಿಯ ಪದ್ಧತಿ. ಒಂದು ಸುತ್ತಿಗೂ ಇನ್ನೊಂದಕ್ಕೂ ಕಿರುಬೆರಳಿನ ಅಂತರ. ಗೋಡೆಯ ಕಪ್ಪು ಗೆರೆ ಬಂದಲ್ಲಿ ಸೂಜಿ ಅದರ ಮೇಲೆ ಬೀಳದ ಹಾಗೆ ಆಚೆ ಒಂದು, ಈಚೆ ಒಂದು ಚುಚ್ಚುತ್ತಿದ್ದಳು. ಅಲ್ಲಿ ಬಟ್ಟೆ ಸೋತೀತು ಅಂತ ನಾನು ಹೇಳಿದ್ದು ನೆನಪಿಟ್ಟಿದ್ದಳು. ಕಾಗದ ಇದ್ದ ಕಡೆ ಸೂಜಿ ಇಳಿದಾಗ ಟಪ್ ಅಂತ ಸಪ್ಪಳ, ದಾರ ಎಳೆದಾಗ ಸರಸರ. ಹೊಲಿಗೆ ನಡುವಿಗೆ ಬಂದ ದಿನ ಹೋಳಿಗೆ ಮಾಡಿದರು. ಕೌದಿ ಹಸಿದಿರಬಾರದು ಅಂತ ನಮ್ಮ ಮನೆಯಲ್ಲಿ ಕೊನೆಯ ತೂತು ಮುಚ್ಚುವ ಮೊದಲು ಒಂದು ಚೂರು ಹೋಳಿಗೆ ಒಳಗಿಟ್ಟು ಹೊಲಿಯುತ್ತಾರೆ. ಇರುವೆ ಬರುತ್ತವೆ ಅಂತ ನಾನೂ ಹೇಳಿದೆ, ಅವ್ವನೂ ಹೇಳಿದಳು. ಯಾರು ಕೇಳಬೇಕು.

ಪ್ರದರ್ಶನಕ್ಕೆ ಮೊದಲು ಅಪ್ಪನನ್ನೂ ದೊಡ್ಡಪ್ಪನನ್ನೂ ಕರೆದು ಕೌದಿ ಹಾಸಿ, ಒಳಗೆ ಏನಿದೆ ಅಂತ ಹೇಳಿದೆ. ಹೇಳದೆ ತೋರಿಸಬಹುದಿತ್ತು, ಒಳಗಿನ ಕಾಗದ ಯಾರಿಗೂ ಕಾಣುವುದಿಲ್ಲ. ಆದರೆ ಪಕ್ಕದ ಚೀಟಿಯಲ್ಲಿ ಬರೆಯಬೇಕಾಗುತ್ತದೆ, ಬರೆಯದಿದ್ದರೆ ಆ ಕಾಗದ ಅಲ್ಲಿದ್ದೂ ಇಲ್ಲದಂತೆ. ಅಪ್ಪ, "ಮನಿ ಮಾತ ಮನ್ಯಾಗಿದ್ರ ಚೊಲೊ" ಅಂದು ಸುಮ್ಮನಾದರು. ದೊಡ್ಡಪ್ಪನ ಮುಖ ಬಿಗಿಯಿತು.

"ನಾವೇನ್ ಮೋಸಾ ಮಾಡೀವೇನು? ಕರದು, ಊಟಾ ಹಾಕಿ, ಸೀರಿ ಕೊಟ್ಟಿಲ್ಲೇನು?"

ಸಣ್ಣತ್ತಿ ಕೌದಿಯ ಒಂದು ತುದಿ ಮಗುಚಿ ತೋರಿಸಿದಳು. "ಕೊಟ್ಟೀರಿ ಅಣ್ಣಾ. ಅದನ್ನs ಹಾಕೇನಲ್ಲ ಅಸ್ತರಿಗೆ."

ದೊಡ್ಡಪ್ಪ ಸೀರೆಯನ್ನು ಗುರುತು ಹಿಡಿದರು ಅಂತ ಕಾಣುತ್ತದೆ. ಉಟ್ಟೇ ಇಲ್ಲವೇನು ಅಂತ ಕೇಳಿದರು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತಿಗೆ, ಬಚ್ಚಲಿನ ಬಾಗಿಲು ಈ ಕಡೆ ಇರಲಿಲ್ಲ, ಆ ಕಡೆ ಇತ್ತು ಅಂತ ಶುರು ಮಾಡಿದರು. ಎಲ್ಲರಿಗೂ ಉಸಿರು ಬಿಟ್ಟಂತಾಯಿತು. ಚೀಟಿಯಲ್ಲಿ ಏನು ಬರೆಯಬೇಕು ಅಂತ ಆಮೇಲೆ ನಾಲ್ವರೂ ಕೂತು ಒಪ್ಪಿದರು, ದೊಡ್ಡತ್ತಿ ಫೋನಿನಲ್ಲಿ. "ಹಕ್ಕುಬಿಟ್ಟ ಪತ್ರದ ಪ್ರತಿ ಒಳಗಿದೆ" ಅಂತ ಒಂದೇ ಸಾಲು, ಯಾರ ಹೆಸರೂ ಇಲ್ಲ. ಹೆಬ್ಬೆಟ್ಟಿನ ಸುದ್ದಿಯೂ ಇಲ್ಲ.

ಒಂದು ಶಾಲೆಯ ಸಭಾಂಗಣದಲ್ಲಿ ನಾಲ್ಕಾರು ಕಲಾವಿದರ ಪ್ರದರ್ಶನ. ಉಳಿದವರದು ಗೋಡೆಯ ಮೇಲೆ, ನನ್ನದು, ಅಂದರೆ ನಮ್ಮದು, ನೆಲದ ಮೇಲೆ. ಮುಟ್ಟಬಹುದು, ಮಲಗಬಹುದು ಅಂತ ಬರೆದು ಹಚ್ಚಿದ್ದೆ. ಹುಡುಗರು ಬಂದು ಮಲಗಿ ಹೊರಳಾಡಿ, ಒಳಗೆ ಏನೋ ಸಪ್ಪಳ ಮಾಡುತ್ತದೆ ಅಂತ ಕೂಗಿದರು. ಕಲೆಯ ವಿಚಾರ ಬಲ್ಲವರು ದೂರ ನಿಂತು ಫೋಟೋ ಹೊಡೆದುಕೊಂಡರು. ಹೆಂಗಸರು ಮಾತ್ರ ಬಂದವರೇ ಕುಕ್ಕರಗಾಲಲ್ಲಿ ಕೂತು, ತುದಿ ಎತ್ತಿ, ಮೊದಲು ಅಸ್ತರಿನ ಕಡೆ ನೋಡಿದರು. ಕೌದಿಯ ಕೈ ಹೇಗಿದೆ ಅಂತ ತಿಳಿಯುವುದು ಅಲ್ಲೇ. ಒಬ್ಬಾಕೆ ಸಣ್ಣತ್ತಿಯನ್ನು ಕೇಳಿದಳು, "ಹೊಸಾ ಸೀರಿ ಯಾಕ ಹಾಕೀರಿ ಅಸ್ತರಿಗೆ?" ಅತ್ತಿ ಹೇಳಿದಳು. ಚೀಟಿಯಲ್ಲಿ ಇಲ್ಲದ್ದನ್ನೂ ಹೇಳಿದಳು, ತನ್ನದನ್ನಷ್ಟೇ. ಕೇಳಿದಾಕೆ ತುದಿ ಕೈಯಲ್ಲಿ ಹಿಡಿದೇ, ತನಗೆ ಕೊಟ್ಟದ್ದು ಬರೀ ಖಣ ಅಂದಳು. ಸೀರೆ ಇಲ್ಲ.

ಸಂಜೆ ಹುಬ್ಬಳ್ಳಿಯಿಂದ ಬಂದ ಒಬ್ಬರು ಬೆಲೆ ಕೇಳಿದರು. ಮಾರುವುದಕ್ಕಲ್ಲ ಅಂತ ನನ್ನ ಬಾಯಿಗೆ ಬಂದಿತ್ತು, ಅಷ್ಟರಲ್ಲಿ ಅತ್ತಿ, "ಇಪ್ಪತ್ತೈದು ಸಾವಿರ" ಅಂದಳು. ಅವರು ಚೌಕಾಸಿ ಮಾಡಲಿಲ್ಲ, ವಿಚಾರ ಮಾಡಿ ಫೋನ್ ಮಾಡುತ್ತೇನೆ ಅಂತ ಹೋದರು.

ಸುದ್ದಿ ರಾತ್ರಿಯೇ ಮನೆಗೆ ಮುಟ್ಟಿತು. ಮುತ್ಯಾನ ಧೋತರ, ಆಯಿಯ ಸೀರೆ, ಮನೆಯ ಚಿಲಕದ ಬಣ್ಣ, ಅದನ್ನು ಯಾರಿಗೋ ಮಾರುವುದೇನು ಅಂತ ದೊಡ್ಡಪ್ಪ. ಅಪ್ಪನೂ ಅದಕ್ಕೆ ದನಿಗೂಡಿಸಿದರು. ಅದು ಮನೆತನದ ವಸ್ತು, ಎಲ್ಲರಿಗೂ ಸೇರಿದ್ದು ಅಂದರು. ಸಣ್ಣತ್ತಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೇಳಿದಳು. ಧೋತರ ಆಕೆಗೆ ಕೊಟ್ಟದ್ದು ಅವ್ವ, ಚಂದ್ರಕಾಳಿ ಆಯಿ ತೀರಿಕೊಳ್ಳುವ ಮೊದಲು ಆಕೆಯ ಕೈಗೇ ಇಟ್ಟದ್ದು, ಅಸ್ತರು ಅಣ್ಣಂದಿರು ಕೊಟ್ಟದ್ದು. ಹೊಲಿಗೆ ಆಕೆಯದು. ನಾನು ಎಳೆದ ಗೆರೆಯ ಪಾಲನ್ನು ಕೂಲಿಯಲ್ಲಿ ಮುರಿದುಕೊಂಡಾಗಿದೆ ಅಂತ ನನ್ನ ಬಾಯನ್ನೂ ಮುಚ್ಚಿಸಿದಳು.

"ಮಂದಿಗಿ ಮಾರೂದ ಬ್ಯಾಡಂದ್ರ ಬಿಡ್ರಿ. ನೀವs ತಗೋರಿ, ಅದs ರೇಟಿಗೆ."

"ತಂಗಿ ಕಡಿಂದ ಖರೇದಿ ಮಾಡೂದೇನs?" ಅಂದರು ದೊಡ್ಡಪ್ಪ.

"ಯಾಕ, ಬರೂದಿಲ್ಲೇನು?"

ಮಾತು ಎರಡು ವಾರ ನಡೆಯಿತು. ದೊಡ್ಡಪ್ಪ ಈಗ 5,000 ರೂಪಾಯಿ ಮುಂಗಡ, ಅಂದರೆ ಸಂಚಕಾರ, ಕೊಟ್ಟಿದ್ದಾರೆ, ಉಳಿದದ್ದು ದೀಪಾವಳಿಯೊಳಗೆ ಅಣ್ಣತಮ್ಮ ಕೂಡಿ ಕೊಡಬೇಕು. ಅಲ್ಲಿಯವರೆಗೆ ಕೌದಿ ಸಣ್ಣತ್ತಿಯ ಖೋಲಿಯಲ್ಲಿ. ಪೂರ್ತಿ ಹಣ ಬರುವ ಮೊದಲು ಒಗೆಯುವುದಿಲ್ಲ, ಒಗೆದರೆ ಬೆಲೆ ಇಳಿಯುತ್ತದೆ ಅಂತ ಆಕೆಯ ಲೆಕ್ಕ. ಇರುವೆ ಒಂದೂ ಬಂದಿಲ್ಲ. ದೊಡ್ಡತ್ತಿಯ ಹಿತ್ತಲಿನ ನಕ್ಷೆಯ ಇನ್ನೊಂದು ಕೌದಿಗೆ ಬಟ್ಟೆ ಕೂಡಿಸುತ್ತಿದ್ದೇವೆ, ಅದರ ಕೂಲಿ ಹೆಚ್ಚು, ಒರಳಿನ ಗುಂಡನೆಯ ಗೆರೆಗೆ ಹೊಲಿಗೆ ಕಷ್ಟವಂತೆ. ಸಂಚಕಾರಕ್ಕೆ ರಸೀದಿ ಬೇಕು ಅಂತ ದೊಡ್ಡಪ್ಪ ಹಟ ಹಿಡಿದಿದ್ದರು. ನನ್ನ ಡ್ರಾಯಿಂಗ್ ಪುಸ್ತಕದ ಹಾಳೆ ಹರಿದು ಅತ್ತಿಯೇ ಬರೆದಳು, ಕೆಳಗೆ ಸಹಿ ಹಾಕಿದಳು. ಕೊಡುವ ಮೊದಲು ನನ್ನನ್ನು ಅಂಗಡಿಗೆ ಕಳಿಸಿ ಎರಡು ಝೆರಾಕ್ಸ್ ತೆಗೆಸಿಕೊಂಡಳು.